ದ್ವೀಪ ಆರಿಸೋ ಮೊದಲು ದೋಣಿ ನೋಡಿ

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಶನಿವಾರ ಉಡುಪಿಗೆ ಬರ್ತಿದ್ದೇವೆ. ಜನ ಇಲ್ಲದ ದ್ವೀಪ ಯಾವುದಾದ್ರೂ ಇದೆಯಾ? ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಆಗ್ಬೇಕು." ಕೇಳುವವರು ಬೆಂಗಳೂರಿನ ಗೆಳೆಯರು, ಹುಬ್ಬಳ್ಳಿಯ ನೆಂಟರು, ಅವರ ಆಫೀಸಿನವರು. ಉಡುಪಿಯಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ಕಡಲು ನನ್ನ ಹಿತ್ತಲಲ್ಲೇ ಇದೆ ಅಂತ ಎಲ್ಲರಿಗೂ ನಂಬಿಕೆ.

ದ್ವೀಪಗಳೇನೋ ಇವೆ. ಮಲ್ಪೆಯಿಂದ ಕಾರವಾರದವರೆಗೆ ಒಂದು ದಿನದಲ್ಲಿ ನೋಡಿ ಬರಬಹುದಾದವು ಮುಖ್ಯವಾಗಿ ನಾಲ್ಕು: ಮಲ್ಪೆಯ ಸೈಂಟ್ ಮೇರೀಸ್, ಮುರ್ಡೇಶ್ವರದ ನೇತ್ರಾಣಿ, ಹೊನ್ನಾವರದ ಬಸವರಾಜದುರ್ಗ, ಕಾರವಾರದ ಕೂರ್ಮಗಡ. ಆದರೆ ಹೆಸರು ಹೇಳುವ ಮೊದಲು ನಾನೇ ತಿರುಗಿ ಕೇಳುತ್ತೇನೆ. ಜೊತೆಗೆ ಯಾರ್‍ಯಾರು ಬರ್ತಿದ್ದಾರೆ? ದೋಣಿಯಲ್ಲಿ ಎಷ್ಟು ಹೊತ್ತು ಕೂರಬಲ್ಲರು? ಯಾಕೆಂದರೆ ನಮ್ಮ ಕಡೆ ದೋಣಿ ಎಷ್ಟು ಸುಲಭವಾಗಿ ಸಿಗುತ್ತದೋ ದ್ವೀಪದಲ್ಲಿ ಅಷ್ಟೇ ಗದ್ದಲ. ಮೌನ ಬೇಕೆಂದರೆ ದೋಣಿಯ ಪಾಡು ಸ್ವಲ್ಪ ಪಡಲೇಬೇಕು. ಎಷ್ಟು ಪಾಡು ಪಡಲು ತಯಾರಿದ್ದೀರಿ ಅನ್ನೋದೇ ಇಲ್ಲಿ ಲೆಕ್ಕ.

ಇನ್ನೊಂದು ಮಾತು. "ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರೋಕಾಗಲ್ವಾ" ಅಂತ ಕೇಳುವವರಿದ್ದಾರೆ. ಆಗಲ್ಲ. ಅಲ್ಲಿಗೆ ಪ್ರವೇಶದ ಪರವಾನಗಿ ಬೇಕು, ದೂರವೂ ಒಂದು ದಿನದ ದೂರವಲ್ಲ. ಅದನ್ನು ಬೇರೆ ರಜೆಗೆ ಇಟ್ಟುಕೊಳ್ಳಿ.

ಮೊದಲು ಕ್ಯಾಲೆಂಡರ್, ಆಮೇಲೆ ಗಡಿಯಾರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ದ್ವೀಪಗಳ ಆಸೆ ಬಿಟ್ಟುಬಿಡಿ. ಮೀನುಗಾರರ ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಪ್ರವಾಸಿ ದೋಣಿಗಳು ಮಳೆ ಪೂರ್ತಿ ತಣ್ಣಗಾಗುವವರೆಗೆ ಇಳಿಯುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಡಲು ಒಳ್ಳೆಯ ಮೂಡಿನಲ್ಲಿರುತ್ತದೆ. ಮಾರ್ಚ್ ನಂತರ ಹೋಗಬಹುದು, ಆದರೆ ಬಿಸಿಲು ತಲೆ ಒಡೆಯುತ್ತದೆ.

ಗಡಿಯಾರದ ವಿಷಯ ಇದಕ್ಕಿಂತ ಮುಖ್ಯ. ಬೆಳಿಗ್ಗೆ ಕಡಲು ಎಣ್ಣೆ ಸವರಿದ ಹಾಗೆ ಇರುತ್ತದೆ. ಬಿಸಿಲೇರಿ ನೆಲ ಕಾದಂತೆ ಕಡಲಿನಿಂದ ನೆಲದ ಕಡೆಗೆ ಗಾಳಿ ಎಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ನೀರಿನಲ್ಲಿ ಸಣ್ಣಸಣ್ಣ ಅಲೆಗಳೆದ್ದು ದೋಣಿ ಕುಕ್ಕುತ್ತದೆ. ಎಂಟು ಗಂಟೆಗೆ ಜೋಕಾಲಿಯಂತಿದ್ದ ಪ್ರಯಾಣ ಮೂರು ಗಂಟೆಗೆ ಹಳೇ ಘಾಟಿ ಬಸ್ಸಿನಂತಾಗುತ್ತದೆ. ಹಾಗಾಗಿ ಯಾವ ದ್ವೀಪವಾದರೂ ಸರಿ, ಮೊದಲ ದೋಣಿ ಹಿಡಿಯಿರಿ. ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದಕ್ಕೆ ಅನುಕೂಲ. ಉಡುಪಿ, ಮುರ್ಡೇಶ್ವರ, ಹೊನ್ನಾವರ, ಕಾರವಾರ ನಾಲ್ಕೂ ಅದರ ದಾರಿಯಲ್ಲೇ ಇವೆ.

ಸೈಂಟ್ ಮೇರೀಸ್: ಎಲ್ಲರೂ ಹೋಗುವ ದ್ವೀಪ

ಹಳಬರ ಬಾಯಲ್ಲಿ ಇದು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟ ಎಂಬ ಪ್ರತೀತಿಯಿಂದ ಈಗಿನ ಹೆಸರು ಬಂದಿದೆ. ನಿಜದಲ್ಲಿ ಇದು ಒಂದು ದ್ವೀಪವಲ್ಲ, ಸಣ್ಣ ಗುಂಪು. ಪ್ರವಾಸಿಗಳು ಇಳಿಯುವುದು ತೆಂಗಿನ ಮರಗಳಿರುವ ದೊಡ್ಡದರಲ್ಲಿ. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್, ದೊಡ್ಡ ದೋಣಿಯಲ್ಲಿ ಅರ್ಧ ಗಂಟೆ. ಜನ ತುಂಬಿದ ಮೇಲೆ ದೋಣಿ ಹೊರಡುತ್ತದೆ, ಮುಂಗಡ ಬುಕಿಂಗ್ ಅಂತ ಒದ್ದಾಡಬೇಕಿಲ್ಲ. ಸಂಜೆಯೊಳಗೆ ಎಲ್ಲರೂ ಖಾಲಿ ಮಾಡಬೇಕು, ರಾತ್ರಿ ಉಳಿಯಲು ಬಿಡುವುದಿಲ್ಲ.

ಇಲ್ಲಿನ ವಿಶೇಷ ಬಂಡೆಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಹೊತ್ತಿಗೆ ಉಕ್ಕಿದ ಲಾವಾ ಇದು. ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿ ಕೆಸರು ಹೋಳುಹೋಳಾಗಿ ಬಿರಿಯುವುದನ್ನು ನೋಡಿದ್ದೀರಲ್ಲ, ಅದೇ ರೀತಿ. ಆ ಬಿರುಕು ಇಲ್ಲಿ ಮೇಲಿಂದ ಕೆಳಗಿನವರೆಗೆ ನೇರವಾಗಿ ಇಳಿದಿದೆ. ಅದಕ್ಕೇ ಐದು ಮೂಲೆ, ಆರು ಮೂಲೆಯ ಕಂಬಗಳು. ಹತ್ತಿರ ಹೋಗಿ ಒಂದು ಕಂಬದ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಬಡಗಿ ಉಳಿ ಹಿಡಿದು ಕೆತ್ತಿದಷ್ಟು ನೇರ ಇರುತ್ತದೆ. ಪಕ್ಕದ ಕಂಬಕ್ಕೂ ಇದಕ್ಕೂ ನಡುವೆ ಬೆರಳು ತೂರುವಷ್ಟೂ ಜಾಗವಿರದೆ, ಆ ಸಂದಿಯಲ್ಲಿ ಒಂದು ಸಣ್ಣ ಏಡಿ ಮಾತ್ರ ಆರಾಮಾಗಿ ಕೂತಿರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೆಂಗಳೂರಿನವರೇ, ನಿಮ್ಮ ಲಾಲ್‌ಬಾಗಿನ ಬಂಡೆಗೂ ಇದೇ ಗೌರವ ಇದೆ. ಅದರ ಮೇಲೆ ಕೂತು ಕಡಲೆಕಾಯಿ ತಿಂದಿರುತ್ತೀರಿ ಅಷ್ಟೇ.

ಇನ್ನು ಮೌನದ ಮಾತು. ಭಾನುವಾರ, ಡಿಸೆಂಬರ್ ಕೊನೆಯ ವಾರ, ಶಾಲಾ ಪ್ರವಾಸದ ಸೀಸನ್ನು: ಈ ಮೂರರಲ್ಲಿ ಯಾವುದಕ್ಕೆ ಹೋದರೂ ಸಂತೆಗೆ ಹೋದ ಹಾಗೆ. ದೋಣಿಯಲ್ಲೇ ಜೋರಾಗಿ ಹಾಡು ಹಾಕುತ್ತಾರೆ. ಆದರೆ ವಾರದ ನಡುವೆ, ಮೊದಲ ದೋಣಿಯಲ್ಲಿ ಹೋದರೆ ಇದೇ ದ್ವೀಪ ಬೇರೆ. ಎಲ್ಲರೂ ಇಳಿದ ತಕ್ಷಣ ಅಲ್ಲೇ ಫೋಟೋಗೆ ನಿಲ್ಲುತ್ತಾರೆ. ನೀವು ನಿಲ್ಲಬೇಡಿ, ದ್ವೀಪದ ಇನ್ನೊಂದು ತುದಿಗೆ ನಡೆಯಿರಿ. ಹತ್ತು ನಿಮಿಷದ ದಾರಿ. ಅಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಚಪ್ಪಲಿ ಕೆಳಗೆ ಕರಕರ ಅನ್ನುತ್ತದೆ. ಅದು ಬಿಟ್ಟರೆ ಅಲೆಯ ಸದ್ದು ಮಾತ್ರ. ಒಂದು ಗಂಟೆ ಈ ಭಾಗ್ಯ, ಎರಡನೇ ದೋಣಿ ಬರುವವರೆಗೆ.

ಇಲ್ಲಿ ಈಜಲು ಇಳಿಯಬೇಡಿ. ನೀರು ತಿಳಿಯಾಗಿ ಕಾಣುತ್ತದೆ, ಕೆಳಗೆ ಚೂಪು ಬಂಡೆ, ಪಕ್ಕದಲ್ಲಿ ಸೆಳೆತ. ಪಾಚಿ ಹಿಡಿದ ಬಂಡೆ ಮೇಲೆ ಸೆಲ್ಫಿಗೆ ನಿಂತು ಜಾರಿ ಜೀವ ಕಳೆದುಕೊಂಡವರಿದ್ದಾರೆ. ಜೀವರಕ್ಷಕರು ಸೀಟಿ ಊದಿದರೆ ಮುಖ ಸಿಂಡರಿಸದೆ ಹಿಂದೆ ಬನ್ನಿ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳುತ್ತಾರೆ. ನಾನು ನನ್ನ ಅಮ್ಮನನ್ನು ಕರೆದೊಯ್ದಿದ್ದೆ, ಮಂಡಿನೋವಿನ ಸಮೇತ. ಅರ್ಧ ಗಂಟೆಯ ಪ್ರಯಾಣ ಏನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟುವ ಒಂದು ಹೆಜ್ಜೆ. ಎರಡೂ ಮೇಲೆ ಕೆಳಗೆ ಆಡುತ್ತಿದ್ದವು, ಒಂದು ಏರಿದಾಗ ಇನ್ನೊಂದು ಇಳಿಯುತ್ತಿತ್ತು. ದೋಣಿಯ ಹುಡುಗ ಅಮ್ಮನ ಮೊಣಕೈ ಹಿಡಿದು, "ನೀರು ನೋಡ್ಬೇಡಿ, ನನ್ನ ಮುಖ ನೋಡಿ, ನಾನು ಹೇಳುವಾಗ ಕಾಲಿಡಿ" ಅಂದ. ಎರಡು ಅಲೆ ಹೋಗಲು ಬಿಟ್ಟ. ಮೂರನೆಯದಕ್ಕೆ ಎರಡೂ ಅಂಚು ಒಂದೇ ಮಟ್ಟಕ್ಕೆ ಬಂದಾಗ "ಈಗ" ಅಂದ. ಅಮ್ಮ ದಾಟಿದ್ದರು. ವಾಪಸ್ ಬಂದ ಮೇಲೆ ಮೂರು ದಿನ ನೆರೆಮನೆಯವರಿಗೆಲ್ಲ ಹೇಳಿದ್ದು ಬಂಡೆಯ ಕಥೆಯಲ್ಲ, ಆ ಹೆಜ್ಜೆಯ ಕಥೆ. ನಿಮ್ಮ ಮನೆಯ ಹಿರಿಯರಿಗೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲು ಆಗುತ್ತದೆ ಅಂದರೆ ಇದೂ ಆಗುತ್ತದೆ.

ನೇತ್ರಾಣಿ: ಕಾಲಿಡದ ದ್ವೀಪ

ಮುರ್ಡೇಶ್ವರದಿಂದ ಕಡಲಲ್ಲಿ ಸುಮಾರು 19 ಕಿಲೋಮೀಟರ್ ದೂರ, ಹೆಚ್ಚುಕಮ್ಮಿ ಒಂದೂವರೆ ಗಂಟೆ. ಹೊರಟ ಮೇಲೆ ತುಂಬ ಹೊತ್ತು ಹಿಂದೆ 123 ಅಡಿಯ ಶಿವ ಕಾಣುತ್ತಾನೆ, ಆಮೇಲೆ ಅವನೂ ಚುಕ್ಕಿಯಾಗುತ್ತಾನೆ.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಬೈಯಬಾರದು: ನೇತ್ರಾಣಿಗೆ ಹೋಗುವುದೆಂದರೆ ದ್ವೀಪದಲ್ಲಿ ಓಡಾಡುವುದಲ್ಲ. ಸುತ್ತ ಕಡಿದಾದ ಬಂಡೆಗೋಡೆ. ದೋಣಿ ಪಕ್ಕದಲ್ಲಿ ಲಂಗರು ಹಾಕುತ್ತದೆ, ನೀವು ನೀರಿಗೆ ಇಳಿಯುತ್ತೀರಿ, ಮತ್ತೆ ದೋಣಿಗೇ ಹತ್ತುತ್ತೀರಿ. ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡುಗಳಿವೆ, ಅವು ತಲೆ ಮೇಲೆ ಸುತ್ತುವುದನ್ನು ದೋಣಿಯಿಂದಲೇ ನೋಡಬಹುದು. ಮೀನುಗಾರರಿಗೆ ಇದು ಜಟ್ಟಿಗ ಎಂಬ ದೈವದ ಜಾಗ, ಹರಕೆ ಹೊತ್ತವರು ಬರುತ್ತಾರೆ. ಪ್ರವಾಸಿಗಳ ಪಾಲಿಗೆ ಇರುವುದು ನೀರೊಳಗಿನ ನೇತ್ರಾಣಿ: ಹವಳ, ಗಿಳಿಮೀನು, ಚಿಟ್ಟೆಮೀನು, ಅದೃಷ್ಟ ಇದ್ದರೆ ಕಡಲಾಮೆ.

ಹಾಗಿದ್ದೂ ಮೌನದ ಲೆಕ್ಕದಲ್ಲಿ ನಾಲ್ಕರಲ್ಲಿ ಮೊದಲ ಸ್ಥಾನ ನಾನು ಇದಕ್ಕೇ ಕೊಡುವುದು. ದೋಣಿ ಮೇಲೆ ಇಪ್ಪತ್ತು ಜನ ಕಿರುಚುತ್ತಿರಲಿ, ತಲೆ ನೀರೊಳಗೆ ಹೋದ ಕ್ಷಣ ಎಲ್ಲ ಬಂದ್. ನಿಮ್ಮ ಉಸಿರು ಒಳಗೆ ಎಳೆಯುವ ಸದ್ದು, ಗುಳ್ಳೆ ಹೊರಗೆ ಹೋಗುವ ಸದ್ದು. ಫೋನ್ ಇಲ್ಲ, ಮಾತಿಲ್ಲ, ಕೈಸನ್ನೆ ಮಾತ್ರ. ಈಜು ಬರದವರೂ ಬೋಧಕರ ಜೊತೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಂದು ಸ್ಕೂಬಾ ಡೈವ್ ಮಾಡಬಹುದು. ಆದರೆ ಅಸ್ತಮಾ, ಹೃದಯದ ತೊಂದರೆ, ಕಿವಿ ಸಮಸ್ಯೆ ಇದ್ದರೆ ಮೊದಲು ಡಾಕ್ಟರ ಬಳಿ ಕೇಳಿ. ಫಾರಂ ತುಂಬುವಾಗ ಸುಳ್ಳು ಟಿಕ್ ಹಾಕಬೇಡಿ. ಮೂಗು ಕಟ್ಟಿದ್ದರೂ ಆ ದಿನ ಬೇಡ, ಕಿವಿಯ ಒತ್ತಡ ಸರಿದೂಗಿಸಲು ಆಗುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಸ್ಕೂಬಾ ಇಲ್ಲ.

ಜನ ಮರೆಯುವ ವಿಷಯ ಇನ್ನೊಂದಿದೆ. ಡೈವ್ ಆದ ಮೇಲೆ ದೇಹದಲ್ಲಿ ಸೇರಿಕೊಂಡ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ಒಂದೇ ಡೈವ್ ಆದರೂ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಬಿಡಬೇಕು. ಸಂಜೆ ಮಂಗಳೂರಿನಿಂದ ಫ್ಲೈಟ್ ಅಂತ ಪ್ಲಾನ್ ಹಾಕಬೇಡಿ. ಕಾರಿನಲ್ಲಿ ಹೋಗುವವರೂ ಯೋಚಿಸಿ. ಘಾಟಿ ಹತ್ತಬೇಕು, ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಎಷ್ಟು ಹೊತ್ತು ಕಾಯಬೇಕೆಂದು ಬೋಧಕರನ್ನು ಕೇಳಿಕೊಳ್ಳಿ. ನನ್ನ ಕೇಳಿದರೆ, ಆ ರಾತ್ರಿ ಮುರ್ಡೇಶ್ವರದಲ್ಲೇ ಮಲಗಿ.

ಹೊಟ್ಟೆಯ ವಿಷಯಕ್ಕೆ ಬಂದರೆ, ನನ್ನ ಚಿಕ್ಕಪ್ಪನ ಮಗ ಹೊರಡುವ ಮೊದಲು ಮೂರು ಬನ್ಸು, ಸಾಂಬಾರು, ಮೇಲೆ ಕಾಫಿ ಹೊಡೆದ. ಅರ್ಧ ದಾರಿಯಲ್ಲಿ ಅದನ್ನೆಲ್ಲ ಅರಬ್ಬೀ ಸಮುದ್ರಕ್ಕೆ ವಾಪಸ್ ಕೊಟ್ಟ. ಒಂದು ಇಡ್ಲಿ, ಶುಂಠಿ ಚೂರು, ಬೇಕಿದ್ದರೆ ವಾಂತಿ ತಡೆಯುವ ಮಾತ್ರೆ, ಅದೂ ಡೈವ್ ಮಾಡುವವರಾದರೆ ಡಾಕ್ಟರನ್ನು ಕೇಳಿ. ದೋಣಿಯಲ್ಲಿ ಹಿಂಭಾಗದಲ್ಲಿ ಕೂತು ದೂರದ ದಿಗಂತ ನೋಡಿ, ಫೋನ್ ನೋಡಬೇಡಿ.

ನಾಲ್ಕರಲ್ಲಿ ಇದೇ ದುಬಾರಿ. ದುಡ್ಡು ಹೋಗುವುದು ದ್ವೀಪಕ್ಕಲ್ಲ, ಸಿಲಿಂಡರು, ಬೋಧಕ, ಇಂಧನಕ್ಕೆ.

ಬಸವರಾಜದುರ್ಗ: ನಿಜವಾಗಿ ಯಾರೂ ಇಲ್ಲದ್ದು

ಹೊನ್ನಾವರದ ಆಚೆ ಕಡಲಲ್ಲಿ ಚಪ್ಪಟೆ ತಲೆಯ ಒಂದು ಗುಡ್ಡ ಕಾಣುತ್ತದೆ. ಅದೇ. ಮೇಲೆ ಕೆಳದಿ ನಾಯಕರ ಕಾಲದ ಕೋಟೆ, ಚಿರೆಕಲ್ಲಿನ ಗೋಡೆ. ಇಲ್ಲಿಗೆ ಟಿಕೆಟ್ ಕೌಂಟರ್ ಇಲ್ಲ, ಜೆಟ್ಟಿ ಇಲ್ಲ, ಚಹಾ ಇಲ್ಲ, ಶೌಚಾಲಯ ಇಲ್ಲ. ಬಂದರಿನ ಕಡೆ ಮೀನುಗಾರರೊಬ್ಬರನ್ನು ಹಿಡಿದು ದೋಣಿ ಮಾತಾಡಿಕೊಳ್ಳಬೇಕು. ಹಾಗೇ, ಆ ಹೊತ್ತಿಗೆ ಅಲ್ಲಿ ಇಳಿಯಲು ಅನುಮತಿ ಇದೆಯಾ ಅಂತ ಬಂದರಿನಲ್ಲಿ, ಕರಾವಳಿ ಕಾವಲು ಪೊಲೀಸರಲ್ಲಿ ಕೇಳಿಯೇ ಹೊರಡಿ.

ದೂರ ಜಾಸ್ತಿ ಇಲ್ಲ. ತೊಂದರೆ ಇರುವುದು ಅಳಿವೆಯಲ್ಲಿ. ಶರಾವತಿ ಕಡಲು ಸೇರುವ ಬಾಯಲ್ಲಿ ಹೂಳು ತುಂಬಿ ಮರಳ ದಿಬ್ಬ ಎದ್ದಿದೆ. ಇಳಿತದ ಹೊತ್ತಿನಲ್ಲಿ ದೋಣಿಯ ತಳ ತಾಗುತ್ತದೆ, ಅಲ್ಲೇ ಅಲೆ ಒಡೆಯುತ್ತದೆ. ಮೀನುಗಾರರು ನೀರಿನ ಏರಿಳಿತ ನೋಡಿಯೇ ದಾಟುತ್ತಾರೆ. ಹಾಗಾಗಿ ನಿಮ್ಮ ಟೈಮ್‌ಟೇಬಲ್ ಹಾಕುವುದು ನೀವಲ್ಲ, ಉಬ್ಬರ-ಇಳಿತ.

ನಾವು ಐದು ಜನ ಹೋಗಿದ್ದೆವು. ಬಂಡೆ ಮೇಲೆ ಹಾರಿ ಇಳಿದೆವು. ಸೊಂಟದೆತ್ತರದ ಒಣಹುಲ್ಲು, ಅದರ ನಡುವೆ ಕಾಲುದಾರಿ. ಕೋಟೆಗೋಡೆಯ ನೆರಳಿನಲ್ಲಿ ಕೂತು ಅವಲಕ್ಕಿ ತಿಂದೆವು. ಚಿರೆಕಲ್ಲಿನ ತೂತುಗಳಲ್ಲಿ ಇರುವೆಗಳ ಸಾಲು, ಕೆಳಗೆ ಕಡಲು. ಯಾರೂ ಮಾತಾಡಲಿಲ್ಲ, ಮಾತಾಡಬೇಕು ಅಂತಲೂ ಅನಿಸಲಿಲ್ಲ. ಇಷ್ಟು ಒಳ್ಳೆಯದು. ಕೆಟ್ಟದ್ದು ಏನೆಂದರೆ, "ಹನ್ನೆರಡಕ್ಕೆ ಬರ್ತೇನೆ" ಅಂದ ದೋಣಿಯವರು ಬಂದದ್ದು ಎರಡೂವರೆಗೆ. ನೀರು ಮುಗಿದಿತ್ತು, ನೆರಳೂ ಗೋಡೆಯಿಂದ ಸರಿದಿತ್ತು. ತಪ್ಪು ಅರ್ಧ ನಮ್ಮದೇ. ಪೂರ್ತಿ ಹಣ ಮೊದಲೇ ಕೊಟ್ಟಿದ್ದೆವು, ಫೋನ್ ನಂಬರ್ ಬರೆದುಕೊಂಡಿರಲಿಲ್ಲ. ಈಗ ಹೋದರೆ ಅರ್ಧ ಹಣ ದಡ ಸೇರಿದ ಮೇಲೆ, ತಲೆಗೆ ಮೂರು ಲೀಟರ್ ನೀರು. ಸಾಧ್ಯವಾದರೆ ದೋಣಿಯನ್ನು ಅಲ್ಲೇ ನಿಲ್ಲಿಸಿಕೊಳ್ಳುತ್ತೇನೆ, ಕಾಯುವ ದುಡ್ಡು ಕೊಟ್ಟಾದರೂ ಸರಿ.

ಮಕ್ಕಳು, ಹಿರಿಯರು ಇದ್ದರೆ ಇದು ಬೇಡವೇ ಬೇಡ. ದಡದಿಂದಲೇ ನೋಡಿ. ಕಾಸರಕೋಡಿನ ಬ್ಲೂ ಫ್ಲ್ಯಾಗ್ ಬೀಚು ಹತ್ತಿರದಲ್ಲೇ ಇದೆ, ಅಲ್ಲಿ ಸ್ವಚ್ಛತೆ ಚೆನ್ನಾಗಿದೆ.

ಕೂರ್ಮಗಡ: ನಡುವಿನ ದಾರಿ

ಕಾರವಾರದ ಎದುರು ಆಮೆಯ ಬೆನ್ನಿನಂತೆ ಎದ್ದಿರುವ ದ್ವೀಪ. ಹಸಿರು ಗುಡ್ಡ, ಸಣ್ಣ ಮರಳ ದಂಡೆ, ಮೇಲೆ ನರಸಿಂಹನ ಗುಡಿ. ಕಾರವಾರದಿಂದ ದೋಣಿ ಮಾತಾಡಿಕೊಂಡು ಹೋಗಬಹುದು. ಬೆಳಗಿನ ಹೊತ್ತು ಕಾಳಿ ನದಿಯ ಬಾಯಿಂದ ದ್ವೀಪದವರೆಗಿನ ನೀರಿನಲ್ಲಿ ಡಾಲ್ಫಿನ್ ಕಾಣುವುದು ಹೊಸತೇನಲ್ಲ. ಕಂಡಾಗ ಅಟ್ಟಿಸಿಕೊಂಡು ಹೋಗಲು ಹೇಳಬೇಡಿ, ಇಂಜಿನ್ ನಿಲ್ಲಿಸಲು ಹೇಳಿ. ಅವೇ ಹತ್ತಿರ ಬಂದು "ಫುಸ್" ಅಂತ ಉಸಿರು ಬಿಡುವುದು ಕೇಳಿಸುತ್ತದೆ.

ಸೈಂಟ್ ಮೇರೀಸ್‌ನಷ್ಟು ಜನರಿಲ್ಲ, ಬಸವರಾಜದುರ್ಗದಷ್ಟು ಪರದಾಟವೂ ಇಲ್ಲ. ಆದರೆ ವರ್ಷದಲ್ಲಿ ಒಂದು ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪುಷ್ಯ ಹುಣ್ಣಿಮೆಯ ಜಾತ್ರೆ, ಜನವರಿಯ ಆಸುಪಾಸು. 2019ರ ಜನವರಿ 21ರಂದು ಈ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಮಕ್ಕಳೂ ಇದ್ದರು. ಆ ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಹೆದರಿಸಲು ಹೇಳುತ್ತಿಲ್ಲ. ಯಾವ ದ್ವೀಪಕ್ಕೇ ಹೋಗಿ, ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಕೊಟ್ಟದ್ದನ್ನು ಸೀಟಿನ ಕೆಳಗೆ ಇಡದೆ ಹಾಕಿಕೊಂಡು ಬಕಲ್ ಬಿಗಿಯಿರಿ. ಜನ ಜಾಸ್ತಿ ಅನ್ನಿಸಿದರೆ ಇಳಿದುಬಿಡಿ. ನಾಚಿಕೆ ಐದು ನಿಮಿಷ ಇರುತ್ತದೆ.

ಅಲ್ಲಿಂದ ಅಂಜದೀವ್ ದ್ವೀಪ ಕೂಡ ಕಾಣುತ್ತದೆ. "ಅಲ್ಲಿಗೂ ಹೋಗಿಬರೋಣ" ಅನ್ನಬೇಡಿ. ಅದು ನೌಕಾಪಡೆಯ ಜಾಗ.

ಸಮುದ್ರವೇ ಬೇಡ ಅನ್ನುವವರಿಗೆ

ಅಲೆ ಕಂಡರೆ ಹೊಟ್ಟೆ ತೊಳೆಸುವವರಿಗೆ ನನ್ನ ಹತ್ತಿರ ಇನ್ನೊಂದು ಉತ್ತರ ಇದೆ: ಕುದ್ರು. ಹೊಳೆಯ ನಡುವಿನ ದ್ವೀಪಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಮಲ್ಪೆಯಿಂದ ಹತ್ತಿರದ ಕೆಮ್ಮಣ್ಣಿನಲ್ಲಿ ತೂಗುಸೇತುವೆ ದಾಟಿದರೆ ತಿಮ್ಮಣ್ಣಕುದ್ರು. ತೆಂಗಿನ ತೋಟ, ಸ್ವರ್ಣಾ ನದಿ, ಬಲೆ ಒಣಹಾಕಿದ ಅಂಗಳ. ಇಲ್ಲಿ ಜನ ವಾಸವಿದ್ದಾರೆ, ಹಾಗಾಗಿ ಅವರ ಅಂಗಳದಲ್ಲಿ ಡ್ರೋನ್ ಹಾರಿಸಬೇಡಿ. ಮುಂದೆ ಕೋಡಿಬೆಂಗ್ರೆವರೆಗೆ ಹೋದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ. ಕಯಾಕ್ ಬಾಡಿಗೆಗೆ ಸಿಗುತ್ತದೆ. ದೋಣಿಯ ಪಾಡಿಲ್ಲದೆ ಮೌನ ಸಿಗುವುದು ಇಲ್ಲಿ ಮಾತ್ರ. ನನ್ನ ಲೆಕ್ಕ ತಪ್ಪುವುದೂ ಇಲ್ಲಿ ಮಾತ್ರ.

ಹಾಗಾದ್ರೆ ಯಾವುದು?

ಮೊದಲ ಸಲ ಬರುವವರು, ಮೂರು ತಲೆಮಾರು ಜೊತೆಗಿರುವವರು ಸೈಂಟ್ ಮೇರೀಸ್‌ಗೆ ಹೋಗಿ, ಆದರೆ ಮಂಗಳವಾರವೋ ಬುಧವಾರವೋ. ಶನಿವಾರವೇ ಆಗಬೇಕು ಅನ್ನುವವರು ಕಾರವಾರದವರೆಗೆ ರೈಲಿನಲ್ಲಿ ಹೋಗಿ ಕೂರ್ಮಗಡ ನೋಡಿ. ದುಡ್ಡಿದೆ, ಕಿವಿ ಗಟ್ಟಿಯಿದೆ, ಹೊಸದೇನಾದರೂ ಬೇಕು ಅನ್ನುವವರಿಗೆ ನೇತ್ರಾಣಿ. ಬಸವರಾಜದುರ್ಗವನ್ನು ನಾನು ಯಾರಿಗೂ ಸುಮ್ನೆ ಹೇಳುವುದಿಲ್ಲ. ಮೊದಲೆರಡು ನೋಡಿ ಬಂದು "ಇದೂ ಸದ್ದಾಯ್ತು ಮಾರಾಯ" ಅಂದವರಿಗೆ ಮಾತ್ರ. ಒಂದೇ ದಿನದಲ್ಲಿ ಎರಡು ದ್ವೀಪ ಮಾಡುವ ಆಸೆ ಬೇಡ. ಉಡುಪಿಯಿಂದ ಮುರ್ಡೇಶ್ವರಕ್ಕೇ ಸುಮಾರು 100 ಕಿಲೋಮೀಟರ್.

ಯಾವುದೇ ಆರಿಸಿ, ಹಿಂದಿನ ಸಂಜೆ ದೋಣಿಯವರಿಗೆ ಒಂದು ಫೋನ್ ಮಾಡಿ. ಅವರು "ನೋಡುವಾ, ಬನ್ನಿ" ಅಂದರೆ ಹೊರಡಿ. "ನಾಳೆ ಬೇಡ" ಅಂದರೆ ಹೆಚ್ಚು ದುಡ್ಡು ಕೊಡ್ತೇನೆ ಅಂತ ಚೌಕಾಸಿಗೆ ಇಳಿಯಬೇಡಿ. ಹೋದ ಡಿಸೆಂಬರ್‌ನಲ್ಲಿ ಹಾಗೆ "ಬೇಡ" ಅನ್ನಿಸಿಕೊಂಡ ಹುಬ್ಬಳ್ಳಿಯ ನೆಂಟರನ್ನು ನಾನು ಕೆಮ್ಮಣ್ಣಿಗೆ ಕರೆದೊಯ್ದೆ. ದ್ವೀಪ ತೋರಿಸಲಿಲ್ಲ ಅಂತ ಸಿಟ್ಟಾಗಿದ್ದ ಅವರ ಮಗಳು ತೂಗುಸೇತುವೆಯ ನಡುವೆ ನಿಂತು ಅರ್ಧ ಗಂಟೆ ಕೆಳಗಿನ ನೀರು ನೋಡಿದಳು. ಊಟಕ್ಕೆ ಕರೆದರೂ ಬರಲಿಲ್ಲ.